ಬೆರಳಿಗೆ ಸುತ್ತಿದ ದಾರ

ಊರಿನವರ ಬಾಯಲ್ಲಿ ಅವನು ದಾರದಣ್ಣ. ಟೈಲರ್ ಆದದ್ದಕ್ಕೆ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದವರೆಲ್ಲ ದಪ್ಪ ದಾರ ಹಾಕಿ ಮೀನನ್ನು ದರದರ ಎಳೆಯುವಾಗ, ಇವನೊಬ್ಬ ಗುಂಡಿ ಹೊಲಿಯುವಷ್ಟು ಸಣ್ಣ ದಾರವನ್ನೂ ಬಳುಕುವ ಕೋಲನ್ನೂ ಹಿಡಿದು, ಕಯಾಕ್ ಎಂಬ ಒಬ್ಬರೇ ಕೂರುವ ಕಿರುದೋಣಿಯಲ್ಲಿ ಕೂತು, ಓಲೈಸಿ ಓಲೈಸಿ ಮೀನನ್ನು ಹತ್ತಿರ ತರುತ್ತಿದ್ದ. "ಎಳೆಯೋದಲ್ಲಪ್ಪ, ಒಪ್ಪಿಸೋದು" ಎನ್ನುತ್ತಿದ್ದ, ಸಂಬಂಧ ಕುದುರಿಸುವವರ ಧಾಟಿಯಲ್ಲಿ.

ಹೆಂಡತಿಯೇನೂ ಕಡಿಮೆಯವಳಲ್ಲ. ಕಯಾಕ್ ಹತ್ತುತ್ತಿರಲಿಲ್ಲ, ಅಷ್ಟೆ. ಕಡಲಂಚಿನ ಬಂಡೆಯ ಮೇಲೆ ನಿಂತು ಗಾಳ ಬೀಸಿದಳೆಂದರೆ ಅದು ಹೇಳಿದ ಜಾಗಕ್ಕೇ ಹೋಗಿ ಬೀಳುತ್ತಿತ್ತು. ಅಂಗಡಿಯ ರಜೆಯ ದಿನ ಇಬ್ಬರೂ ಒಟ್ಟಿಗೆ ಹೋಗುವರು. ಅವನು ನೀರಿನಲ್ಲಿ, ಅವಳು ಕಲ್ಲಿನ ಮೇಲೆ, ನಡುವೆ ಕೂಗಿದರೆ ಕೇಳುವಷ್ಟು ದೂರ. ಸಂಸಾರ ಮಾಡಲಿಕ್ಕೆ ಅದು ಸರಿಯಾದ ದೂರವೆಂದು ಅವನು ತಮಾಷೆ ಮಾಡುತ್ತಿದ್ದ.

ಅವನಿಗೊಂದು ಕೆಟ್ಟ ಚಾಳಿಯಿತ್ತು. ದಾರ ಕತ್ತರಿಸುವ ಪುಟ್ಟ ಕತ್ತರಿ ಕೊರಳಲ್ಲೇ ತೂಗಾಡುತ್ತಿದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುವುದು. ಹಲ್ಲಿಗೆ ಬಗ್ಗದಿದ್ದರೆ ಎಡಗೈಯ ತೋರುಬೆರಳಿಗೆ ಎರಡು ಸುತ್ತು ಸುತ್ತಿ ಫಟ್ಟನೆ ಜಗ್ಗುವುದು. ಆ ಬೆರಳೇ ಅವನ ಅನ್ನ. ಓಡುವ ಸೂಜಿಯ ಕೆಳಗೆ ಬಟ್ಟೆಯನ್ನು ತಿರುಗಿಸುತ್ತಿದ್ದದ್ದು ಅದು. ಕಾಲರಿನ ಮೂಲೆಯನ್ನು ಅವನಷ್ಟು ಚೂಪಾಗಿ ತೆಗೆಯುವವರು ಆ ಬೀದಿಯಲ್ಲೇ ಇರಲಿಲ್ಲ.

"ರೀ, ಬೆರಳಿಗೆ ಸುತ್ಕೋಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಿ? ಕೊರಳಲ್ಲಿರೋ ಕತ್ತರಿ ಏನು ಒಡವೇನಾ?" ಎಂದು ಹೆಂಡತಿ ರೇಗುತ್ತಿದ್ದಳು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಕಡಲಿಗೆ ಹೋದಾಗಲಂತೂ ಕತ್ತರಿ ಬಿಚ್ಚಿ ಅವಳ ಚೀಲಕ್ಕೆ ಹಾಕಿಬಿಡುತ್ತಿದ್ದ. ಉಪ್ಪುನೀರು ತಾಗಿದರೆ ತುಕ್ಕು ಹಿಡಿಯುತ್ತದಂತೆ! ಕತ್ತರಿಯ ಮೇಲಿದ್ದ ಕಾಳಜಿ ಕೈಯ ಮೇಲೆ ಇರಲಿಲ್ಲ ಮಹಾರಾಯನಿಗೆ.

ಆ ವಾರ ಎರಡು ಸಂಗತಿ ನಡೆದವು. ಅಲುಗಾಡುತ್ತಿದ್ದ ಅವನ ಮುಂದಿನ ಹಲ್ಲುಗಳನ್ನು ದಂತವೈದ್ಯರು ಕಿತ್ತರು. ಅಳಿಯ ಹೊಸ ಬಗೆಯ ಗಾಳದ ದಾರ ತಂದುಕೊಟ್ಟ. ಹಲವು ಎಳೆ ಹೆಣೆದದ್ದು, ಹಳೆಯದರಷ್ಟೇ ಸಣ್ಣ, ಆದರೆ ಹಿಗ್ಗುವುದೂ ಇಲ್ಲ, ಹರಿಯುವುದೂ ಇಲ್ಲ. "ಮಾವ, ಇದು ಕೈ ಕೊಯ್ಯುತ್ತೆ, ಹುಷಾರು" ಎಂದಿದ್ದ. ದಾರದ ವಿಷಯದಲ್ಲಿ ಟೈಲರಿಗೇ ಪಾಠ ಹೇಳುತ್ತಾನಲ್ಲ ಎಂದು ಮಾವನಿಗೆ ಒಳಗೊಳಗೇ ನಗು.

ರಜೆಯ ಬೆಳಿಗ್ಗೆ ಕಡಲು ಇಸ್ತ್ರಿ ಹಾಕಿದ ಬಟ್ಟೆಯಂತೆ ಮಲಗಿತ್ತು. ಗಾಳಿಯಿಲ್ಲ, ನೊರೆಯಿಲ್ಲ. ಆದರೂ ಅವಳು ಬಂಡೆ ಹತ್ತದೆ ನಿಂತುಬಿಟ್ಟಳು. ಯಾವಾಗಲೂ ಚೀಲ ಇಡುತ್ತಿದ್ದ ಮೇಲಿನ ಕಲ್ಲು ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ಇಷ್ಟು ಎತ್ತರಕ್ಕೆ ನೀರು ಯಾವಾಗ ಬಂದು ಹೋಯಿತು?

"ರೀ, ಮೇಲಿನ ಕಲ್ಲು ಒದ್ದೆ ಇದೆ. ಇವತ್ತು ಬೇಡ."

"ಎಷ್ಟು ಶಾಂತವಾಗಿದೆ ನೋಡೇ! ಸುಮ್ನೆ ಹೆದರ್ತೀಯ." ಹಲ್ಲಿಲ್ಲದ ಬಾಯಿಂದ 'ಶಾಂತ' ಎಂಬುದು ಬರೀ ಗಾಳಿಯಾಗಿ ಹೊರಬಂತು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹಟ ಹಿಡಿಯುವುದು ಹೇಗೆ? ಆ ನಗುವಿಗಾಗಿ ಅವಳು ಆಮೇಲೆ ತನ್ನನ್ನು ತಾನೇ ಶಪಿಸಿಕೊಂಡಳು.

ಅವನು ನೀರೊಳಗೆ ಮುಳುಗಿದ ಬಂಡೆಯೊಂದರ ಪಕ್ಕ ಕಯಾಕ್ ನಿಲ್ಲಿಸಿ, ಆಮಿಷಕ್ಕೆಂದು ಗಾಳ ಕಟ್ಟಿದ ತಗಡಿನ ಮೀನನ್ನು ಇಳಿಬಿಟ್ಟ. ಅದು ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಅತ್ತ ಜಗ್ಗಿದ, ಇತ್ತ ಜಗ್ಗಿದ, ಬರಲಿಲ್ಲ. ಅವಳು ನೋಡುತ್ತಲೇ ಇದ್ದಳು. ದಾರವನ್ನು ಬಾಯಿಗೆ ಒಯ್ದ, ಹಲ್ಲಿಲ್ಲವೆಂಬುದು ನೆನಪಾಗಿ ಕೆಳಗಿಳಿಸಿದ. ಆಮೇಲೆ ಅಂಗಡಿಯಲ್ಲಿ ಕೂತವನ ಹಾಗೆ, ನಿರಾಳವಾಗಿ, ತೋರುಬೆರಳಿಗೆ ಎರಡು ಸುತ್ತು ಸುತ್ತಿದ.

"ರೀ, ಬೇಡ!"

ಅವನ ಹಿಂದೆ ಕಡಲು ಸದ್ದಿಲ್ಲದೆ ಉಬ್ಬಿತು. ಕಯಾಕ್ ಮೇಲೆದ್ದಿತು, ಕಲ್ಲಿಗೆ ಕಚ್ಚಿದ ದಾರ ಏಳಲಿಲ್ಲ. ಅವನ ಕೂಗು ಬಂಡೆಗೆ ಬಡಿದು ಅವಳಿಗೆ ಎರಡು ಸಲ ಕೇಳಿಸಿತು.

ಅಲೆ ಇಳಿದರೂ ಸುತ್ತು ಸಡಿಲವಾಗಲಿಲ್ಲ. ಸೆಳೆತ ಕಯಾಕನ್ನು ಆಚೆಗೆ ಎಳೆಯುತ್ತಿತ್ತು, ದಾರ ಮಾಂಸದೊಳಗೆ ಇಳಿದಿತ್ತು. ಒಂದೇ ಕೈಯಲ್ಲಿ ಹುಟ್ಟು ಹಾಕಲಾಗದೆ ಅವನು ಕಯಾಕಿನ ಮಗ್ಗುಲನ್ನು ಅಲೆಗಳಿಗೆ ಒಡ್ಡಿಕೊಂಡು ಕೂತಿದ್ದ, ತನ್ನ ಬೆರಳಿನಿಂದಲೇ ಕಡಲ ತಳಕ್ಕೆ ಕಟ್ಟಿಹಾಕಿಕೊಂಡು. ದೂರದಲ್ಲಿ ಇನ್ನೊಂದು ಉಬ್ಬು, ಅದರ ಬೆನ್ನಿಗೆ ಮತ್ತೊಂದು, ದೊಡ್ಡದು.

ಕತ್ತರಿ ಅವಳ ಚೀಲದಲ್ಲಿತ್ತು. ತನ್ನ ದಾರದ ಗಾಳ ಬಿಚ್ಚಿ, ಅದರ ಜಾಗಕ್ಕೆ ಕತ್ತರಿ ಕಟ್ಟಿ ಬೀಸಿದಳು. ಅವಳದೂ ಬಳುಕುವ ಕೋಲೇ, ಅದಕ್ಕೆ ಕತ್ತರಿ ಭಾರ, ಅರ್ಧಕ್ಕೇ ಬಿತ್ತು. ಹತ್ತಿರ ಹೋಗದೆ ಬೇರೆ ದಾರಿಯಿರಲಿಲ್ಲ. ತಾನು ಜೀವಮಾನದಲ್ಲಿ ಕಾಲಿಡದ ಕೆಳಗಿನ ಜಾರುಗಲ್ಲಿಗೆ ಇಳಿದು ಮತ್ತೆ ಬೀಸಿದಳು. ದಾರ ಕಯಾಕಿನ ಮೇಲೆ ಅಡ್ಡ ಬಿತ್ತು. ಅವನು ಬಲಗೈಯಲ್ಲಿ ಎಳೆದುಕೊಂಡು, ಕತ್ತರಿ ಹಿಡಿದು, ಅದರ ಬಾಯನ್ನು ಬಿಗಿದ ದಾರಕ್ಕೆ ತಾಗಿಸುವಷ್ಟರಲ್ಲಿ ದೊಡ್ಡ ಅಲೆ ಬಂತು.

ಅವಳನ್ನು ಅದು ಕಲ್ಲಿಗೆ ಅಪ್ಪಳಿಸಿ ಬಿಟ್ಟಿತು. ಕಯಾಕ್ ಮಗುಚಿತು. ಲೈಫ್ ಜಾಕೆಟ್ ಅವನನ್ನು ಬಂಡೆಗಳ ಸಂದಿಗೆ ತೇಲಿಸಿ ತಂದಾಗ ಅವಳು ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡಳು. ಜೀವ ಉಳಿದಿತ್ತು. ತೋರುಬೆರಳನ್ನು ದಾರ ಬುಡಸಮೇತ ಕೊಯ್ದೊಯ್ದಿತ್ತು.

"ಕತ್ತರಿ ಹೋಯ್ತು ಕಣೇ" ಎಂದ ಅವನು, ಮೊದಲ ಮಾತಾಗಿ. ಅವಳಿಗೆ ಹೊಡೆಯಬೇಕೆನಿಸಿತು, ತಬ್ಬಿಕೊಂಡು ಅತ್ತಳು.

ಗಾಯ ಮಾಗಿತು. ಅಂಗಡಿ ತೆರೆಯಿತು. ಎಡಗೈ ಬಟ್ಟೆ ತಿರುಗಿಸಲು ಹೋಗಿ ತಡವರಿಸುತ್ತಿತ್ತು. ಕಾಲರುಗಳು ಸೊಟ್ಟಗಾದವು, ಗಿರಾಕಿಗಳು ಪಾಪವೆಂದು ಹಾಗೇ ಒಯ್ದರು. ಅವಳು ಹೊಸ ಕತ್ತರಿ ತಂದು ತಾನೇ ಅವನ ಕೊರಳಿಗೆ ಹಾಕಿದಳು. ಅವನು ವಿಧೇಯನಾಗಿ ತಲೆ ಬಗ್ಗಿಸಿದ.

ಒಂದು ಮಧ್ಯಾಹ್ನ ಅವಳು ಪಕ್ಕದಲ್ಲಿ ಕೂತು ಅಂಗಿಗಳನ್ನು ಮಡಚುತ್ತಿದ್ದಳು. ಅವನು ಗುಂಡಿ ಹೊಲಿದು ಮುಗಿಸಿ, ದಾರವನ್ನು ಎಡಗೈಗೆ ತಂದು, ಬೆರಳಿಲ್ಲದ ಜಾಗದಲ್ಲಿ ಸುತ್ತಿದ. ದಾರ ಗಾಳಿಯಲ್ಲಿ ಜಾರಿತು. ಅವನು ಸ್ವಲ್ಪ ಹೊತ್ತು ಕೈಯನ್ನೇ ನೋಡಿದ. ಅವಳು ಮಡಿಲಲ್ಲಿದ್ದ ಅಂಗಿ ಸರಿಸಿ, ಅವನ ಕೊರಳಿನ ಕತ್ತರಿಗೆ ಕೈ ಚಾಚಿದಳು.

ಅಷ್ಟರಲ್ಲಿ ಅವನು ದಾರವನ್ನು ಪಕ್ಕದ ಬೆರಳಿಗೆ ಸುತ್ತಿಯಾಗಿತ್ತು.