ಒಂದೂವರೆ ಇಂಚು ಬಟ್ಟೆ

ನಮ್ಮತ್ತೆ ಹೊಲಿದ ಯಾವ ಬಟ್ಟೆಯನ್ನು ಬೇಕಾದರೂ ಒಳಮಗ್ಗುಲು ತಿರುಗಿಸಿ ನೋಡಿ, ಹೊಲಿಗೆಯ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾಳೆ. ಬೇರೆ ಟೈಲರ್‌ಗಳು ಅರ್ಧ ಇಂಚು ಬಿಟ್ಟರೆ ಅದೇ ಹೆಚ್ಚು. "ಮಕ್ಕಳು ಬೆಳೆಯಲ್ವೇನೆ? ಬಿಚ್ಚಿ ದೊಡ್ಡದು ಮಾಡ್ಕೊಳ್ಲಿ ಬಿಡು" ಅನ್ನುತ್ತಾಳೆ. ಅದೂ ದೀಕ್ಷಾಸ್ನಾನದ ಗೌನಿಗೆ! ಚರ್ಚಿನಲ್ಲಿ ಕೂಸಿನ ತಲೆಗೆ ನೀರೆರೆಯುವ ದಿನ, ಜೀವಮಾನದಲ್ಲಿ ಒಂದು ಬೆಳಗ್ಗೆ ಹಾಕುವ ಬಟ್ಟೆ ಅದು. ಪಾದ್ರಿಗಳೇ ಒಮ್ಮೆ ನಕ್ಕು, "ಏನಮ್ಮಾ, ಈ ಮಗು ಇದೇ ಗೌನಲ್ಲಿ ಮದುವೇನೂ ಆಗ್ಬೇಕಾ?" ಎಂದು ಕೇಳಿದ್ದರು.

ಚರ್ಚಿನ ಎದುರಿಗೇ ಅವಳ ಅಂಗಡಿ. ಎರಡು ಮಷೀನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಮೊಳೆಗೆ ಚುಚ್ಚಿದ ಅಳತೆ ಚೀಟಿಗಳು. ನಾನು ಅವಳ ಅಣ್ಣನ ಮಗಳು. ಕಾಜಾ, ಗುಂಡಿ ನನ್ನ ಪಾಲಿನ ಕೆಲಸ. ಬಾಯಿ ಜೋರೆಂದು ಅತ್ತೆ ನನ್ನನ್ನು 'ಪಟಾಕಿ' ಎಂದೇ ಕರೆಯುತ್ತಾಳೆ. ಕರೆಯಲಿ. ಅವಳಿಗೆ ಬರಬೇಕಾದ ಸಿಟ್ಟೂ ನನಗೇ ಬರುತ್ತಿತ್ತಲ್ಲ, ಏನು ಮಾಡಲಿ!

ಅತ್ತೆಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಲಿಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ಅತ್ತೆ, ಮಾವ ಇಬ್ಬರೂ ಹೋಗಿ ದತ್ತು ಕೊಡುವ ಕಚೇರಿಯಲ್ಲಿ ಅರ್ಜಿ ಹಾಕಿದರು. ಪುಟ್ಟ ಕೂಸೇ ಬೇಕೆಂದು ಬರೆದರು. ಆ ವಾರವೇ ಅತ್ತೆ ತನ್ನ ಕೂಸಿಗೆಂದು ಒಂದು ಗೌನು ಹೊಲಿದು ಟ್ರಂಕಿನಲ್ಲಿಟ್ಟಳು. ಆಮೇಲೆ ಐದು ವರ್ಷ ಬೇರೆಯವರ ಕೂಸುಗಳಿಗೇ ಹೊಲಿದಳು. ಒಂದೊಂದು ಗೌನಿಗೂ ಕೊನೆಯ ಹೊಲಿಗೆ ಹಾಕುವಾಗ ಆ ಮಗುವಿಗಾಗಿ ಪ್ರಾರ್ಥಿಸಿ, ಕಡೆಗೆ ಮೆಲ್ಲಗೆ, "ಸ್ವಾಮೀ, ನಮ್ಮದೂ ನೆನಪಿರಲಿ" ಎನ್ನುತ್ತಿದ್ದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ದೇವರಿಗೆ ಕಿವಿ ಕೇಳ್ಸುತ್ತೋ ಇಲ್ವೋ? ನಾನಾಗಿದ್ರೆ ಜಗಳಕ್ಕೇ ನಿಲ್ತಿದ್ದೆ, ಅತ್ತೆ."

"ನಾನೇನು ಸುಮ್ನಿದ್ದೀನಿ ಅಂದ್ಕೊಂಡ್ಯಾ? ದಿನಾ ಆಡ್ತೀನಿ ಜಗಳ. ಆಡಿ ಸುಸ್ತಾಗಿ ಮತ್ತೆ ಆತನ ಹತ್ರಾನೇ ಕೂತ್ಕೋತೀನಿ. ಗುಂಡಿ ಹಚ್ಚು ನೀನು."

ನಾಲ್ಕನೆಯ ವರ್ಷ ಒಮ್ಮೆ ಸೋತುಬಿಟ್ಟಳು. ಮಾವನ ತಂಗಿ ತನ್ನ ಎರಡನೆಯ ಮಗುವಿಗೆ ಗೌನು ಹೇಳಿ ಹೋದಳು. ಅವಳು ಬಾಗಿಲು ದಾಟಿದ್ದೇ ತಡ, ಅತ್ತೆ ಬಿಳಿ ಬಟ್ಟೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. "ಆಗಲ್ಲ ಕಣೇ ಪಟಾಕಿ. ಪ್ರಾರ್ಥನೆಗೆ ಬಾಯೇ ಬರ್ತಿಲ್ಲ." ನನ್ನ ಜೋರು ಬಾಯಿ ಆಗ ಎಲ್ಲಿ ಹೋಯಿತೋ! ಏನೂ ತೋಚದೆ ಅವಳ ಪರವಾಗಿ ನಾನೇ, ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆಯನ್ನು ತೊದಲುತ್ತಾ ಹೇಳತೊಡಗಿದೆ. ಅರ್ಧಕ್ಕೆ ಎರಡು ಸಾಲು ನುಂಗಿದೆ. ಅತ್ತೆ ಮೂಗೊರೆಸಿಕೊಂಡು, ಬಿಟ್ಟ ಸಾಲು ಸೇರಿಸಿ, ಕೊನೆಯವರೆಗೆ ತಾನೇ ಹೇಳಿ ಮುಗಿಸಿದಳು. ಆಮೇಲೆ ಎದ್ದು ಕತ್ತರಿ ಹುಡುಕಿದಳು.

ಕಳೆದ ವರ್ಷ ಒಂದು ಮಧ್ಯಾಹ್ನ ಕಚೇರಿಯಿಂದ ಫೋನ್ ಬಂತು. ಕೂಸಲ್ಲವಂತೆ, ನಾಲ್ಕು ವರ್ಷದ ಹುಡುಗಿ. ವಯಸ್ಸು ಹೆಚ್ಚಾಯಿತು ಎಂದು ಎರಡು ಮನೆಯವರು ಆಗಲೇ ಬೇಡ ಅಂದಿದ್ದರಂತೆ. ನಾಳೆಯೊಳಗೆ ಉತ್ತರ ಬೇಕು ಎಂದರು. ಅತ್ತೆ ಫೋನಿಟ್ಟು ಮಾವನಿಗೆ ಕಾದಳು. ಬಸ್ ಡ್ಯೂಟಿ ಮುಗಿಸಿ ಬಂದ ಮಾವ, "ಕೂಸನ್ನ ಎತ್ಕೋಬೇಕು ಅಂತ ಕಾಯ್ದೋಳು ನೀನು. ನಿಂಗೆ ಹೆಂಗನ್ಸುತ್ತೋ ಹಂಗೇ ಮಾಡೋಣ" ಎಂದ. ಅವಳ ಕಣ್ಣು ತುಂಬಿತು. ಎದೆಗೊತ್ತಿಕೊಳ್ಳಬೇಕೆಂದಿದ್ದ ಕೂಸಿನ ಆಸೆಯನ್ನು ಅಷ್ಟು ಸುಲಭವಾಗಿ ಬಿಡಲು ಯಾರಿಂದಾದೀತು?

ಎದ್ದು ಟ್ರಂಕು ತೆಗೆದಳು. ಗೌನನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದಳು. ದೀಕ್ಷಾಸ್ನಾನದ ಗೌನು ಕೂಸಿನ ಪಾದ ದಾಟಿ ಇಳಿಬೀಳುವಷ್ಟು ಉದ್ದ ಇರುತ್ತದೆ, ಹಾಗಾಗಿ ಉದ್ದಕ್ಕೆ ತೊಂದರೆಯಿರಲಿಲ್ಲ. ಎದೆಯ ಸುತ್ತಳತೆ ಹತ್ತೊಂಬತ್ತು ಇಂಚು. ಒಳಮಗ್ಗುಲು ತಿರುಗಿಸಿ ಹೊಲಿಗೆ ಮುಟ್ಟಿ ನೋಡಿದಳು. ಎರಡು ಪಕ್ಕದ್ದೂ ಸೇರಿ, ಮುಂದೆ ಎರಡು ಅಂಚು, ಹಿಂದೆ ಎರಡು ಅಂಚು. ಒಂದೊಂದು ಅಂಚಿನಲ್ಲೂ ಒಂದು ಇಂಚು ಬಿಚ್ಚಿದರೆ ಇಪ್ಪತ್ತಮೂರು. ನಾಲ್ಕು ವರ್ಷದ ಮಗುವಿಗೆ ಸರಿಯಾಗಿ ಅಷ್ಟೇ ಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಯ್ಯೋ ನನ್ನ ಸ್ವಾಮೀ..." ಎಂದು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಅಳುತ್ತಲೇ ನಗತೊಡಗಿದಳು. "ರೀ, ಫೋನ್ ಮಾಡಿ. ನಾಳೆವರೆಗೂ ಯಾಕೆ, ಈಗ್ಲೇ ಮಾಡಿ!"

ತೋಳು ಮಾತ್ರ ಹೊಸದಾಗಿ ಹಾಕಬೇಕಾಯಿತು. ದೀಕ್ಷಾಸ್ನಾನದ ಬೆಳಗ್ಗೆ ಹುಡುಗಿ ಅದೇ ಮೇಜಿನ ಮೇಲೆ ನಿಂತಿದ್ದಳು. ನಾನು ಬೆನ್ನಿನ ಗುಂಡಿ ಹಾಕುತ್ತಿದ್ದೆ.

"ಇದು ಯಾವ ಪಾಪೂದು?" ಎಂದಳು.

"ನಿಂದೇ. ಐದು ವರ್ಷದ ಹಿಂದೇನೇ ಹೊಲ್ದಿಟ್ಟಿದ್ದೆ" ಎಂದಳು ಅತ್ತೆ. ಐದು ವರ್ಷ! ಆಗ ಈ ಪುಟಾಣಿ ಇನ್ನೂ ಹುಟ್ಟೇ ಇರಲಿಲ್ಲ.

"ನಾನು ಬರ್ತೀನಿ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ ಕಣೋ ಕಂದ, ಗೊತ್ತಿರ್ಲಿಲ್ಲ. ಬಟ್ಟೆ ಬಿಟ್ಟಿದ್ದೆ, ಅಷ್ಟೇ."

ಹುಡುಗಿ ಪಕ್ಕದ ಹೊಲಿಗೆಯನ್ನು ತಿರುಗಿಸಿ ನೋಡಿದಳು. ಒಳಗೆ ಇನ್ನೂ ಅರ್ಧ ಇಂಚು ಉಳಿದಿತ್ತು.