ಕಂತು ನನ್ನದು, ಮನೆ ಯಾರದು?

ಕಳೆದ ವರ್ಷ ಜೂನ್ ತಿಂಗಳು. ಶಾಲೆ ಆಗಷ್ಟೇ ಶುರುವಾಗಿತ್ತು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯ ಮೆಸೇಜ್ ಬಂತು. ನೀವು ತೋರಿಸಿರುವ ಗೃಹಸಾಲದ ಬಡ್ಡಿಯ ಕಡಿತವನ್ನು ಇನ್ನೊಮ್ಮೆ ಪರಿಶೀಲಿಸಿಕೊಳ್ಳಿ ಎಂದಿತ್ತು. ನನಗೆ ನಗು ಬಂತು. ಸಾಲ ನನ್ನದು, ಬಡ್ಡಿ ಕಟ್ಟುವವಳು ನಾನು, ಪರಿಶೀಲಿಸುವುದೇನು ಮಣ್ಣು ಅಂದುಕೊಂಡೆ.

ನಾನು ಮಾಲೂರಿನ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಯಜಮಾನರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನಾವಿರುವುದು ಮಾಲೂರಿನಲ್ಲಿ ಅತ್ತೆಯ ಹಳೇ ಮನೆಯಲ್ಲಿ, ಅತ್ತೆಯ ಜೊತೆಗೇ. ಕೆಲವು ವರ್ಷದ ಹಿಂದೆ ರೈಲ್ವೆ ಸ್ಟೇಷನ್ ಕಡೆ ಸೈಟು ಕೊಂಡು, ಕೆಳಗೊಂದು ಮೇಲೊಂದು ಮನೆ ಕಟ್ಟಿಸಿ ಎರಡನ್ನೂ ಬಾಡಿಗೆಗೆ ಕೊಟ್ಟೆವು. ಸರ್ಕಾರಿ ಸಂಬಳ ನೋಡಿ ಬ್ಯಾಂಕಿನವರು ಸಾಲ ಕೊಟ್ಟರು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಅತ್ತೆಯೂ ಬಂದು ಸಹಿ ಹಾಕಿದರು, ಹಿರಿಯರು, ಸಾಕ್ಷಿಗೆ ಇರಬೇಕು ಅಂದುಕೊಂಡೆ. ಸೈಟು ರಿಜಿಸ್ಟರ್ ಆದಾಗ ನಾನು ಬಾಣಂತನಕ್ಕೆ ಮುಳಬಾಗಿಲಿನ ತವರಿನಲ್ಲಿದ್ದೆ. ಅಲ್ಲದೆ ಯಜಮಾನರು ಶಿವಾರಪಟ್ಟಣದಿಂದ ಕಲ್ಲು ಕೆತ್ತಿಸಿ ತಂದು ಗೇಟಿನ ಪಕ್ಕ ‘ಭಾರತಿ ನಿಲಯ’ ಎಂದು ನನ್ನ ಹೆಸರನ್ನೇ ನಿಲ್ಲಿಸಿದ್ದರು. ಅದನ್ನು ನೋಡಿದ ಮೇಲೆ ಪತ್ರ ಯಾರ ಹೆಸರಲ್ಲಿದೆ ಎಂದು ಯಾವ ಹೆಂಗಸು ಕೇಳುತ್ತಾಳೆ ಹೇಳಿ?

ಬಾಡಿಗೆ ನನ್ನ ಖಾತೆಗೇ ಬರುತ್ತಿತ್ತು. ರಿಪೇರಿ ಗಿಪೇರಿಗೆಂದು ಕಾನೂನು ಕೊಡುವ ಮೂವತ್ತು ಪರ್ಸೆಂಟ್ ತೆಗೆದು, ಸಾಲದ ಬಡ್ಡಿಯನ್ನೂ ಕಳೆದರೆ ಲೆಕ್ಕ ಮೈನಸ್ಸಿಗೆ ಹೋಗುತ್ತಿತ್ತು. ಹಳೇ ತೆರಿಗೆ ಪದ್ಧತಿಯಲ್ಲಿ ಆ ನಷ್ಟವನ್ನು ಸಂಬಳದಲ್ಲಿ ಕಳೆಯಬಹುದು. ಯಜಮಾನರ ಸ್ನೇಹಿತರೊಬ್ಬರು ಪ್ರತಿ ವರ್ಷ ಹಾಗೆಯೇ ತುಂಬಿಸಿಕೊಡುತ್ತಿದ್ದರು. ತೆರಿಗೆ ಉಳಿಯಿತಲ್ಲ ಎಂದು ನಾನು ಖುಷಿಯಾಗಿದ್ದೆ.

ಯಾತಕ್ಕೂ ಇರಲಿ ಎಂದು ಒಂದು ಶನಿವಾರ ಇಬ್ಬರೂ ಕೋಲಾರಕ್ಕೆ ಹೋಗಿ ಒಬ್ಬ ಆಡಿಟರನ್ನು ಕಂಡೆವು. ಅವರು ಟೀ ತರಿಸಿ, ಮಾತಿನ ನಡುವೆ, ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದರು. ನನ್ನ ಹೆಸರಲ್ಲೇ ಅಂದೆ. ಪಕ್ಕದಲ್ಲಿದ್ದ ಯಜಮಾನರು ಟೀ ಹೀರುತ್ತಲೇ ಬಾಯಿ ಬಿಟ್ಟರು.

“ಇಲ್ಲ ಸಾರ್, ನಮ್ಮಮ್ಮನ ಹೆಸರಲ್ಲಿದೆ.”

ನಾನು ಅವರ ಮುಖ ನೋಡಿದೆ. ತಮಾಷೆಯೇನೂ ಕಾಣಲಿಲ್ಲ. ಆಡಿಟರು ಮಾತಾಡುತ್ತಿದ್ದರು, ಅರ್ಧ ಕಿವಿಗೇ ಬೀಳಲಿಲ್ಲ.

“ಬಾಡಿಗೆ ಮಾಲೀಕರ ಆದಾಯ ಮೇಡಂ. ಬಡ್ಡಿ ಕಳೆಯೋ ಹಕ್ಕೂ ಮಾಲೀಕರಿಗೇ. ಸಾಲ ಪೂರ್ತಿ ನೀವೇ ಕಟ್ತಿದ್ರೂ ನಿಮಗೆ ಬರಲ್ಲ” ಎಂದರು. ಅತ್ತೆ ಮಾಲೀಕರಾದರೂ ಒಂದು ಪೈಸೆ ಬಡ್ಡಿ ಕಟ್ಟಿಲ್ಲ, ಹಾಗಾಗಿ ಅವರಿಗೂ ಬರುವುದಿಲ್ಲವಂತೆ. ಉಳಿಸಿಕೊಂಡ ತೆರಿಗೆಯನ್ನು ನಾನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ತೆರಿಗೆ ಯಾರಿಗೆ ಬೇಕಾಗಿತ್ತು! ಇಷ್ಟು ವರ್ಷ ತಿಂಗಳು ತಿಂಗಳು ಅರ್ಧ ಸಂಬಳ ಸುರಿದ ಮನೆಯಲ್ಲಿ ಒಂದು ಇಟ್ಟಿಗೆಯೂ ನನ್ನದಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬಸ್ಸಿನಲ್ಲಿ ಯಜಮಾನರು ಸಮಾಧಾನ ಹೇಳಲು ನೋಡಿದರು. ಮೊದಲ ಆಸ್ತಿ ತಾಯಿ ಹೆಸರಲ್ಲಿ ಕೊಂಡರೆ ಕೂಡಿ ಬರುತ್ತದೆ ಎಂದು ಮನೆಯ ಹಿರಿಯರು ಹೇಳಿದ್ದರಂತೆ. ಯಾರ ಹೆಸರಲ್ಲಿದ್ದರೇನು, ಮನೆ ನಮ್ಮದೇ ತಾನೇ ಎಂದರು. ಅತ್ತೆಗೆ ಇನ್ನೊಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಾಳೆ ಅವರೂ ನಮ್ಮದು ಅನ್ನುವುದಿಲ್ಲವೇ? ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನು ಕೇಳ್ಲೇ ಇಲ್ವಲ್ಲ” ಅಂದರು.

ಆಸ್ತಿಯ ಸುದ್ದಿಗಿಂತ ಆ ಉತ್ತರ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಪಕ್ಕಕ್ಕಿಟ್ಟು, ನಿನಗೆ ಗೊತ್ತಿಲ್ಲವಾ ಎಂದು ನನ್ನನ್ನೇ ಕೇಳಿದರು. ಅತ್ತೆ ಹೆಸರಿಗೇ ಮಾಡಿಸಿ ಎಂದು ನಾನೇ ಒಪ್ಪಿದ್ದೇನೆ ಅಂತ ಮಗ ಅವರಿಗೆ ಹೇಳಿದ್ದನಂತೆ. ಎಂಥಾ ಸೊಸೆ ಸಿಕ್ಕಳು ಎಂದು ಬೀದಿಯವರ ಹತ್ತಿರವೆಲ್ಲ ಹೊಗಳಿದ್ದರಂತೆ ಪಾಪ. ಅತ್ತೆ ಶ್ರೀನಿವಾಸಪುರದ ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು. ಅವತ್ತು ಮಗನಿಗೆ ತೆಲುಗಿನಲ್ಲಿ ಬಿದ್ದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಮನೆಯನ್ನು ನಿನ್ನ ಹೆಸರಿಗೇ ಮಾಡಿಕೊಡುತ್ತೇನೆ ಎಂದರು ಅತ್ತೆ, ಆದರೆ ಅದು ಸಾಲಕ್ಕೆ ಅಡವಿದ್ದದ್ದರಿಂದ ಬ್ಯಾಂಕಿನ ಒಪ್ಪಿಗೆ ಸಿಗಲು ತಿಂಗಳುಗಳೇ ಹಿಡಿದವು. ನಾನು ತೆರಿಗೆ ವಾಪಸ್ ಕಟ್ಟಿದೆ. ಕೊನೆಗೊಂದು ದಿನ ಅತ್ತೆ ಉಳಿದ ಮಕ್ಕಳನ್ನೂ ಕರೆಸಿಕೊಂಡು, ನನ್ನ ಹೆಸರಿಗೆ ದಾನಪತ್ರ ಮಾಡಲು ನೋಂದಣಿ ಕಚೇರಿಗೆ ಬಂದರು. ಅಲ್ಲಿನ ಅಧಿಕಾರಿ, ಯಾರ ಬಲವಂತವೂ ಇಲ್ಲದೆ ಸೊಸೆಗೆ ದಾನ ಕೊಡುತ್ತಿದ್ದೀರಾ ಎಂದು ಕೇಳಿದರು.

“ದಾನ ಏನ್ ಬಂತು ಸಾಮಿ. ಅವಳ ಮನೇಲಿ ಇಷ್ಟು ದಿನ ನನ್ನ ಹೆಸರು ಬಾಡಿಗೆಗಿತ್ತು. ಇವತ್ತು ಖಾಲಿ ಮಾಡ್ತಾ ಇದೀನಿ” ಅಂದರು ಅತ್ತೆ.

ಕೋಲಾರದಲ್ಲಿ ಬರದ ಅಳು ಅಲ್ಲಿ ಬಂತು. ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಅವರ ಮೇಲಿನ ಸಿಟ್ಟು ಈಗ ಮುಕ್ಕಾಲು ಇಳಿದಿದೆ, ಪೂರ್ತಿ ಇಳಿದಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಆ ಮೆಸೇಜ್ ಬರದೇ ಹೋಗಿದ್ದರೆ, ಅತ್ತೆ ಅಂಥವರಲ್ಲದೇ ಹೋಗಿದ್ದರೆ ಎಂದು ಯೋಚಿಸಿದರೆ ಇವತ್ತಿಗೂ ಎದೆ ಧಸಕ್ ಅನ್ನುತ್ತದೆ.