ಶಿರಾದಿಂದ ತಂದ ಗಾಜಿನ ಜಾಡಿ

ಮಧುಗಿರಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಉಪಾಧ್ಯಾಯಿನಿಯಾಗಿ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಪಾವಗಡದ ಕಡೆಯಿಂದ ಬಂದ ಒಂಟಿ ಹುಡುಗಿಗೆ ಮನೆ ಕೊಡಲು ಯಾರೂ ಮುಂದಾಗಲಿಲ್ಲ. ಕೊನೆಗೆ ಶಾಲೆಯ ಮುಖ್ಯೋಪಾಧ್ಯಾಯಿನಿಯೇ ತಮ್ಮ ಮನೆಯ ಮುಂದಿನ ಕೋಣೆಯನ್ನು ತೆರವು ಮಾಡಿಸಿ, "ಬಾ, ಇಲ್ಲೇ ಇರು. ಇಬ್ಬರಿಗೂ ಒಂದೇ ಒಲೆ ಸಾಕು" ಎಂದರು. ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ಅವರದೊಂದು. ಊರವರು ಅವರನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ಮನೆಯಲ್ಲಿ ನಾನು ಅಮ್ಮ ಎನ್ನುತ್ತಿದ್ದೆ.

ಅವರ ಕೈಬರಹ ನೋಡಬೇಕಿತ್ತು. ಕಪ್ಪುಹಲಗೆಯ ಮೇಲೆ ಅವರು ಒಂದು ಪದ್ಯ ಬರೆದರೆ ಪಕ್ಕದ ತರಗತಿಯ ಮಕ್ಕಳೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅದನ್ನು ಅಳಿಸಲು ಯಾವ ಹುಡುಗಿಗೂ ಮನಸ್ಸು ಬರುತ್ತಿರಲಿಲ್ಲ.

ಆಮೇಲೆ ಸಾಮಾನು ತರಲು ಊರಿಗೆ ಹೋದಾಗ, ನನ್ನನ್ನು ಬಸ್ಸು ಹತ್ತಿಸುತ್ತಾ ಅಪ್ಪ, "ಅವ್ರ ಮನ್ಯಾಗೆ ಏನು ತಿಂತೀಯೋ ಏನು ಕುಡೀತೀಯೋ, ಜಾಗ್ರತ್ತ ತಲ್ಲೀ" ಎಂದು ನಮ್ಮ ಕಡೆಯ ತೆಲುಗು ಬೆರೆಸಿ ಎಚ್ಚರಿಸಿದ್ದರು. ಅಪ್ಪ ಹೆದರಿದ್ದರಲ್ಲಿ ಒಂದು ಮಾತ್ರ ನಿಜವಾಗಿತ್ತು. ಮೇಷ್ಟ್ರಮ್ಮ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆಂದು ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುತ್ತಿದ್ದರು. ಆಗ ಪಾನನಿರೋಧದ ಕಾಲ. ಹಬ್ಬದ ದಿನ ಬೆರಳೆತ್ತರದ ಲೋಟದಲ್ಲಿ ನಾಲ್ಕು ಮನೆಯವರಿಗೆ ಕೊಡುವ ಆ ರಸವನ್ನು ಯಾರೂ ಹೆಂಡ ಎನ್ನುತ್ತಿರಲಿಲ್ಲ, ಆದರೂ ಅದರ ಮಾತನ್ನು ಮನೆಯ ಹೊರಗೆ ಆಡುವಂತಿರಲಿಲ್ಲ.

ಮೊದಲ ವರ್ಷ ಅವರು ಹಳೆಯ ಪಿಂಗಾಣಿ ಭರಣಿಯಲ್ಲಿ ಹಾಕಿದರು. ಭರಣಿಯ ಒಳಮೈಯ ಹೊಳಪು ಅಲ್ಲಲ್ಲಿ ಎದ್ದುಹೋಗಿತ್ತು. ತೆರೆದು ನೋಡಿದರೆ ವೈನ್ ಹುಳಿಯಾಗಿತ್ತು. ಅಷ್ಟನ್ನೂ ಹಿತ್ತಲಿಗೆ ಚೆಲ್ಲುತ್ತಾ ಅವರು, "ಇದರೊಳಗೆ ಏನು ನಡೀತಿದೆ ಅಂತ ಕಾಣೋದೇ ಇಲ್ಲ. ಮುಂದಿನ ವರ್ಷ ಗಾಜಿನದೇ ಬೇಕು" ಎಂದರು.

ಮರುವರ್ಷ ದಸರೆಯ ರಜೆಗೆ ನಾನು ಹುಲಿಕುಂಟೆಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ವಾಪಸು ಬರುವಾಗ ಶಿರಾದಲ್ಲಿ ಇಳಿದು ಜಾಡಿ ನೋಡಿಕೊಂಡು ಬರಬೇಕೆಂದು ಮೇಷ್ಟ್ರಮ್ಮ ಹೇಳಿದ್ದರು. ಮಸೀದಿಯ ಹಿಂದಿನ ಬೀದಿಯಲ್ಲಿ ಹಳೆಯ ಬಾಟಲಿ, ಸೀಸೆ, ಜಾಡಿಗಳ ಅಂಗಡಿಯೊಂದಿತ್ತು. ಅದರ ಸಾಹೇಬರು ಅರವತ್ತರ ಆಸುಪಾಸಿನವರು, ಬಿಳಿ ಗಡ್ಡ, ಮಾತು ನಿಧಾನ. ನಾನು ದೊಡ್ಡ ಗಾಜಿನ ಜಾಡಿ ಬೇಕೆಂದೆ.

"ಏನು ಹಾಕಾಕೆ ತಾಯಿ?"

"ಉಪ್ಪಿನಕಾಯಿ."

ಅವರು ನನ್ನ ಮುಖ ನೋಡಿದರು. "ಉಕ್ಕೋದಾ, ಸುಮ್ಕೆ ಕೂತಿರೋದಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲವೆಂದು ತಿಳಿದು, "ನಮ್ಮನ್ಯಾಗೆ ನೇರಳೆ ಹಣ್ಣಿನ ಸಿರ್ಕಾ, ಹುಳಿರಸ, ಹಾಕ್ತೀವಿ. ಅದು ಒಳಗೇ ಉಕ್ತದೆ, ಗಾಳಿ ಕಟ್ತದೆ. ಅಂಥದ್ದಕ್ಕೆ ಬೇರೆ ಜಾಡಿ, ಉಪ್ಪಿನ್ಕಾಯಿಗೆ ಬೇರೆ" ಎಂದು ಬಿಡಿಸಿ ಹೇಳಿದರು.

"ಸುಮ್ಮನೆ ಕೂತಿರೋದೇ" ಎಂದೆ.

ಆದರೂ ಅವರು ಮೊದಲು ತೆಗೆದದ್ದು ಹಸಿರು ಛಾಯೆಯ ಒಂದು ದಪ್ಪ ಜಾಡಿ. ಗುಲಾಬಿ ನೀರು ತುಂಬಿಕೊಂಡು ಎಲ್ಲಿಂದಲೋ ಬಂದದ್ದಂತೆ. ಆಕಾರ ಕುಂಬಳಕಾಯಿಯಂತಿತ್ತು, ಗಾಜು ಮಂಕಾಗಿತ್ತು. ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ತಟ್ಟಿ, ಕಿವಿಗೊಟ್ಟು ಕೇಳಿ, ಬಿಸಿಲಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. "ನೋಡಿ, ತಳ ಎಲ್ಲಾ ಕಡೆ ಒಂದೇ ದಪ್ಪ ಅದೆ. ಬಾಯಿ ಅಗಲ, ಕೈ ಹಾಕಿ ತೊಳೀಬೌದು. ಇದು ಏನು ಹಾಕಿದ್ರೂ ತಡೀತದೆ."

ನನ್ನ ಕಣ್ಣು ಅದರ ಮೇಲಿರಲಿಲ್ಲ. ಮೇಲಿನ ಹಲಗೆಯ ಮೇಲೆ ನೀರಿನಷ್ಟು ತಿಳಿಯಾದ ಇನ್ನೊಂದು ಜಾಡಿ ಇತ್ತು. ಕುತ್ತಿಗೆಯ ಸುತ್ತ ಹೂಬಳ್ಳಿ ಕೆತ್ತಿತ್ತು, ಬಾಯಿಗೆ ಗಾಜಿನದೇ ಬಿರಡೆ. ಯಾವುದೋ ದೊಡ್ಡ ಮನೆಯ ಸಾಮಾನು. ಅದರಲ್ಲಿ ಕೆಂಪು ರಸ ಹೇಗೆ ಕಂಡೀತು ಎಂದು ನಾನು ಆಗಲೇ ಯೋಚಿಸುತ್ತಿದ್ದೆ. ಅದನ್ನು ಕೇಳಿದೆ.

ಸಾಹೇಬರು ಇಳಿಸಿಕೊಟ್ಟರು, ಆದರೆ ಕೈ ಬಿಡಲಿಲ್ಲ. ತಳದಲ್ಲಿ, ಗಾಜಿನೊಳಗೆ ಸಾಸಿವೆ ಕಾಳಿನಷ್ಟಿದ್ದ ಗಾಳಿಗುಳ್ಳೆಗಳನ್ನು ತೋರಿಸಿದರು. "ಇಲ್ಲಿ ಗಾಜು ತೆಳ್ಳಗದೆ ತಾಯಿ. ಉಪ್ಪಿನ್ಕಾಯಿಗಾದ್ರೆ ತಗೊಂಡೋಗಿ. ಉಕ್ಕೋದು ಹಾಕೋದಾದ್ರೆ ಇದು ಬ್ಯಾಡ. ಹಂಗೂ ಹಾಕಿದ್ರೆ ಬಿರಡೆ ಮಾತ್ರ ಒತ್ಬ್ಯಾಡಿ, ಬಟ್ಟೆ ಕಟ್ಟಿ." ಅವರಿಗೆ ನನ್ನ ಸುಳ್ಳು ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ. ನಾಚಿಕೆಪಡುವ ಹುಡುಗಿಯನ್ನು ಇನ್ನಷ್ಟು ಕೆದಕಬಾರದೆಂದು ಅಷ್ಟಕ್ಕೇ ಬಿಟ್ಟರು. ಜಾಡಿಯನ್ನು ಹುಲ್ಲು, ಗೋಣಿಯಲ್ಲಿ ಸುತ್ತಿಕೊಟ್ಟರು. ಮಧುಗಿರಿಯ ತನಕ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ.

ಮೇಷ್ಟ್ರಮ್ಮ ಗೋಣಿ ಬಿಚ್ಚಿ ನೋಡಿ ಬಹಳ ಸಂತೋಷಪಟ್ಟರು. "ಇದು ಆಗುತ್ತೆ ಅಂದರಾ ಅಂಗಡಿಯವರು?" ಎಂದು ಕೇಳಿದರು.

"ಹೂಂ, ಆಗುತ್ತೆ ಅಂದರು" ಎಂದೆ.

ದೊಡ್ಡಬಳ್ಳಾಪುರದ ಕಡೆಯಿಂದ ಬಸ್ಸಿನಲ್ಲಿ ಕಪ್ಪು ದ್ರಾಕ್ಷಿ ತರಿಸಿದರು. ತೊಳೆದು, ಬಟ್ಟೆಯ ಮೇಲೆ ಆರಹಾಕಿ, ಕಿವುಚಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಸೇರಿಸಿ ಜಾಡಿಗೆ ತುಂಬಿದೆವು. ಅಡುಗೆಮನೆಯ ಮೂಲೆಯಲ್ಲಿ ಕೆಳಗಿನ ಗೂಡಿನಲ್ಲಿ ಇಟ್ಟೆವು. ಮೂರನೆಯ ದಿನಕ್ಕೆ ಸಿಪ್ಪೆಗಳು ಮೇಲೇರಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು ಒಡೆಯತೊಡಗಿದವು. ಗಾಜಿಗೆ ಕಿವಿಯಿಟ್ಟರೆ ಮೃದುವಾದ ಸದ್ದು ಕೇಳುತ್ತಿತ್ತು. ನಾವಿಬ್ಬರೂ ನೆಲದ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದೆವು.

ಐದನೆಯ ದಿನ ಮೇಷ್ಟ್ರಮ್ಮ ತುಮಕೂರಿಗೆ ಸಭೆಗೆ ಹೊರಟರು. ಎರಡು ದಿನದ ಕೆಲಸ. "ದಿನಕ್ಕೊಂದು ಸಲ ಮರದ ಸೌಟಿನಲ್ಲಿ ತಿರುವು. ಬಾಯಿಗೆ ಬಟ್ಟೆ ಮಾತ್ರ ಇರಲಿ" ಎಂದು ಹೇಳಿಹೋದರು.

ಪಕ್ಕದ ಮನೆ ಪೊಲೀಸ್ ದಫೇದಾರರದು. ಆ ಬೆಳಗ್ಗೆಯೇ ಅವರ ಹೆಂಡತಿ ಹಾಲಿಗೆ ಹೆಪ್ಪು ಕೇಳಿಕೊಂಡು ಅಡುಗೆಮನೆಯ ಬಾಗಿಲ ತನಕ ಬಂದರು. ಮೂಗು ಅರಳಿಸಿ, "ಏನೋ ಹುಳಿಹುಳಿ ವಾಸ್ನೆ ಬತ್ತದಲ್ಲ ಕಣಮ್ಮ" ಎಂದರು.

"ದೋಸೆ ಹಿಟ್ಟು ಉಕ್ಕಿಬಿಟ್ಟಿದೆ" ಎಂದೆ.

ಅವರು ಹೋದ ಮೇಲೆ ಬಾಗಿಲ ಅಗುಳಿ ಹಾಕಿದೆ. ಗಂಡನಿಗೆ ಹೇಳಿದರೆ ಏನು ಗತಿ, ಪಾವಗಡಕ್ಕೆ ಸುದ್ದಿ ಮುಟ್ಟಿದರೆ ಅಪ್ಪ ನನ್ನನ್ನು ಕೆಲಸದಲ್ಲಿ ಬಿಡುತ್ತಾರೆಯೇ, ಎಂದೆಲ್ಲ ಯೋಚಿಸಿದೆ. ಬಟ್ಟೆ ಕಿತ್ತು ಗಾಜಿನ ಬಿರಡೆಯನ್ನು ತಿರುಗಿಸಿ ಒತ್ತಿದೆ. ಅದು ಮೇಲೇಳಬಾರದೆಂದು ಸೆಣಬಿನ ಹುರಿಯಿಂದ ಬಿಗಿದು ಕಟ್ಟಿದೆ. ಮೇಲೆ ಒಂದು ಹಳೆಯ ಸೀರೆ ಹೊದಿಸಿದೆ. ಸಂಜೆ ತೆರೆದರಾಯಿತು ಎಂದುಕೊಂಡೆ.

ಸಂಜೆ ದಫೇದಾರರ ಹೆಂಡತಿ ಮತ್ತೆ ಬಂದು ಕುಳಿತರು, ತೆರೆಯಲಾಗಲಿಲ್ಲ. ಇಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಮರುದಿನ ಬೆಳಗ್ಗೆ ಜಾಡಿಯ ನೆನಪು ನನಗೆ ಚೆನ್ನಾಗಿಯೇ ಬಂತು. ಹತ್ತಿರ ಹೋಗಿ ನಿಂತೆ. ವಾಸನೆ ಇರಲಿಲ್ಲ. ಅದೇ ನೆಮ್ಮದಿಯೆನಿಸಿ ಹಾಗೇ ಬಿಟ್ಟು ಶಾಲೆಗೆ ಹೋದೆ. ಮರೆತು ಮಾಡಿದ್ದಲ್ಲ.

ಮೂರನೆಯ ದಿನ ಶನಿವಾರ, ಶಾಲೆ ಬೆಳಗ್ಗೆಯಷ್ಟೇ ಇತ್ತು. ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೇಷ್ಟ್ರಮ್ಮ ಬಸ್ಸಿಳಿದು ಬಂದು, ಮುಖ ತೊಳೆದು, ನೇರವಾಗಿ ಅಡುಗೆಮನೆಗೆ ಹೋದರು. "ಇದಕ್ಯಾಕೆ ಸೀರೆ ಹೊದಿಸಿದ್ದೀಯ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಉತ್ತರ ಕೊಡುವ ಮೊದಲೇ ಸದ್ದಾಯಿತು.

ಓಡಿಹೋದೆ. ನೆಲ, ಗೋಡೆ ಎಲ್ಲ ಕೆಂಪು. ಎಷ್ಟು ದ್ರಾಕ್ಷಿಯದು, ಎಷ್ಟು ಅವರದು ಎಂದು ತಿಳಿಯಲಿಲ್ಲ. ಅವರು ಮಂಡಿಯೂರಿ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಅಂಗೈಗೆ ಅಡ್ಡಲಾಗಿ ಗಾಜು ಆಳಕ್ಕೆ ಕೊಯ್ದಿತ್ತು. ಆ ಹೊತ್ತಿನಲ್ಲಿ ನಾನು ಮೊದಲು ಮಾಡಿದ ಕೆಲಸ ಹೇಳುತ್ತೇನೆ. ಅವರ ಕೈಗೆ ಬಟ್ಟೆ ಸುತ್ತುವ ಮೊದಲು, ನೆಲದ ಮೇಲೆ ಬಿದ್ದಿದ್ದ ಹುರಿಯನ್ನೂ ಬಿರಡೆಯ ಚೂರನ್ನೂ ತೆಗೆದು ನನ್ನ ಸೆರಗಿನಲ್ಲಿ ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ, ಸೀರೆ ಮುಚ್ಚಿಟ್ಟಿದ್ದ ಉಪ್ಪಿನಕಾಯಿ ಜಾಡಿ ಬಿದ್ದು ಒಡೆಯಿತೆಂದು ಹೇಳಿದೆವು. ಡಾಕ್ಟರು ಹೊಲಿಗೆ ಹಾಕಿ, ಮೇಲೆ ಸೀರೆ ಇದ್ದದ್ದರಿಂದ ಕಣ್ಣು ಉಳಿಯಿತು ಎಂದರು. ಸೀರೆ ಹೊದಿಸಿದವಳು ನಾನೇ ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡೆ. ಜಾಡಿ ಹೇಗೆ ಒಡೆಯಿತೆಂದು ಮೇಷ್ಟ್ರಮ್ಮ ಕೇಳಿದಾಗ, ಯಾರೂ ಒತ್ತಾಯಿಸದೆ, "ಆ ಸಾಹೇಬರು ಬಿರುಕು ಬಿಟ್ಟಿದ್ದನ್ನ ಕೊಟ್ಟುಬಿಟ್ಟಿದ್ದಾರೆ ಅಮ್ಮ" ಎಂದೆ.

ಗಾಯ ಮಾಗಿತು. ಆದರೆ ನಡುಬೆರಳು ಮತ್ತು ಉಂಗುರದ ಬೆರಳು ಮಡಚಲೇ ಇಲ್ಲ. ಸೀಮೆಸುಣ್ಣ ಹಿಡಿದರೆ ಜಾರಿ ಬೀಳುತ್ತಿತ್ತು. ಎಡಗೈಯಲ್ಲಿ ಬರೆಯಲು ಹೋದರೆ ಅಕ್ಷರಗಳು ಒಂದನೇ ತರಗತಿಯ ಮಕ್ಕಳವಂತೆ ಬರುತ್ತಿದ್ದವು. ಒಂದು ದಿನ ತಾವೇ ಬರೆದ ಸಾಲನ್ನು ತಾವೇ ಅಳಿಸಿ, "ನೀನು ಬಂದು ಬರಿ, ನಾನು ಹೇಳ್ತೀನಿ" ಎಂದು ನನ್ನನ್ನು ಕರೆದರು.

ಅದೇ ವಾರ ಶಿರಾದ ಸಾಹೇಬರಿಗೆ ಒಂದು ಕಾರ್ಡನ್ನೂ ಹೀಗೇ ಬರೆಸಿದರು. ಅವರು ಹೇಳಿದರು, ನಾನು ಬರೆದೆ. 'ನಿಮ್ಮನ್ನು ನಂಬಿ ಬಂದ ಹುಡುಗಿಗೆ ಬಿರುಕಿನ ಜಾಡಿ ಕೊಟ್ಟಿರಿ. ನನ್ನ ಬಲಗೈ ಹೋಯಿತು. ನನಗೆ ನಿಮ್ಮಿಂದ ಏನೂ ಬೇಡ. ಇನ್ನೊಬ್ಬರಿಗೆ ಹೀಗೆ ಮಾಡಬೇಡಿ.' ಅಷ್ಟು ಬರೆಯುವಾಗ ಬಾಯಿ ಬಿಡಬಹುದಿತ್ತು. ಅಂಚೆ ಡಬ್ಬದ ತನಕ ಜೊತೆಯಲ್ಲಿ ನಡೆದುಹೋದೆವು, ಆಗಲೂ ಬಿಡಬಹುದಿತ್ತು. ಕಾರ್ಡು ಡಬ್ಬದೊಳಗೆ ಬಿತ್ತು.

ಹತ್ತು ಹನ್ನೆರಡು ದಿನದ ಮೇಲೆ ಒಂದು ಬೆಳಗ್ಗೆ ಸಾಹೇಬರು ನಮ್ಮ ಜಗಲಿಯ ಮುಂದೆ ನಿಂತಿದ್ದರು. ಕಂಕುಳಲ್ಲಿ ಗೋಣಿ ಸುತ್ತಿದ ಒಂದು ಜಾಡಿ. ಅದೇ ಹಸಿರು ಜಾಡಿ. ಅದನ್ನು ಜಗಲಿಯ ಮೇಲಿಟ್ಟು, ಮೇಷ್ಟ್ರಮ್ಮನ ಕೈ ನೋಡಿದರು.

"ತಪ್ಪಾಯ್ತಮ್ಮ" ಎಂದರು. "ಆ ಜಾಡಿ ನಾನು ಕೊಡಬಾರ್ದಾಗಿತ್ತು."

ಮೇಷ್ಟ್ರಮ್ಮ ಬಿಗಿಯಾಗಿಯೇ, "ನಿಮಗೆ ಗೊತ್ತಿತ್ತಾ ಅದು ಸರಿಯಿಲ್ಲ ಅಂತ?" ಎಂದು ಕೇಳಿದರು.

"ಗೊತ್ತಿತ್ತಮ್ಮ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ಒಮ್ಮೆ ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ನೀರು ಕೊಡು ಎಂದು ಮೇಷ್ಟ್ರಮ್ಮ ಹೇಳಿದಾಗ ಲೋಟ ತೆಗೆದುಕೊಂಡು ಹೋದೆ. ನೀರು ಕುಡಿದು ಲೋಟ ಕೊಡುವಾಗ ಮೆಲ್ಲಗೆ, "ಬಿರಡೆ ಒತ್ತಿದ್ರಾ ತಾಯಿ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. "ಇರ್ಲಿ ಬುಡಿ" ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದರು.

ಒಂದು ವರ್ಷ ಹಾಗೇ ಕಳೆಯಿತು. ಅವರಿಗೆ ತಲೆ ಬಾಚಿದ್ದು ನಾನು, ಹಾಜರಿ ಪುಸ್ತಕ ಬರೆದದ್ದು ನಾನು, ಅನ್ನ ಕಲಸಿಕೊಟ್ಟದ್ದು ನಾನು. ಇಂಥ ಹುಡುಗಿ ಸಿಕ್ಕಿದ್ದು ಪುಣ್ಯ ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದನ್ನು ಕಲಿತುಬಿಟ್ಟಿದ್ದೆ.

ಮತ್ತೆ ದಸರೆ ಕಳೆಯಿತು. ಅವರು ಅಟ್ಟದಿಂದ ಹಸಿರು ಜಾಡಿಯನ್ನು ಇಳಿಸಲು ಹೇಳಿದರು. ನಾನು ಅದನ್ನು ತೊಳೆಯುತ್ತಿದ್ದೆ. ಅವರು ಎದುರಿಗೆ ಕುಳಿತು, "ಆ ಸಾಹೇಬರ ಮೇಲೆ ನನಗಿದ್ದ ಸಿಟ್ಟೆಲ್ಲ ಹೋಯ್ತು ಕಣೇ. ತಪ್ಪು ಮಾಡಿದರೂ ಬಂದು ಒಪ್ಪಿಕೊಂಡರಲ್ಲ. ಮೊನ್ನೆ ಪ್ರಾರ್ಥನೆಯಲ್ಲಿ ಅವರನ್ನು ಕ್ಷಮಿಸಿದೆ" ಎಂದರು.

ಇನ್ನು ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲೇ ಕುಳಿತು ಎಲ್ಲ ಹೇಳಿದೆ. ಗಾಳಿಗುಳ್ಳೆ, ಬಿರಡೆ, ಹುರಿ, ಸೆರಗು, ಯಾವುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು.

"ಕೈ ಹೋಗಿದ್ದಕ್ಕೆ ಏನೋ ಒಂದು ಸಮಾಧಾನ ಮಾಡ್ಕೊಳ್ತೀನಿ. ಭಯಪಟ್ಟು ಮಾಡಿದೆ. ಆದರೆ ಆ ಕಾರ್ಡನ್ನ ನನ್ನ ಬಾಯಲ್ಲಿ ಹೇಳಿಸಿದೆಯಲ್ಲ. ಸುಳ್ಳು ಅಂತ ಗೊತ್ತಿದ್ದೂ ಕೂತು ಬರೆದೆಯಲ್ಲ."

ನಾನು ಅಳುತ್ತಾ, ಸಾಹೇಬರಿಗೆ ಇವತ್ತೇ ಇನ್ನೊಂದು ಕಾರ್ಡು ಬರೆಯುತ್ತೇನೆ ಎಂದೆ.

"ಕಾರ್ಡು ಬೇಡ. ಹೋಗಿ ಎದುರಿಗೆ ನಿಂತು ಹೇಳು."

ಮುಂದಿನ ಭಾನುವಾರ ಶಿರಾಕ್ಕೆ ಹೋದೆ. ಸಾಹೇಬರು ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಿದ್ದರು. ನನ್ನನ್ನು ಗುರುತು ಹಿಡಿದು, ಸ್ಟೂಲು ಒರೆಸಿ ಕೊಟ್ಟರು. ನಾನು ನಿಂತೇ ಹೇಳಿದೆ. ಸುಳ್ಳು ಹೇಳಿದ್ದು ನಾನು, ಕಾರ್ಡು ಬರೆದದ್ದೂ ನಾನು, ಮೇಷ್ಟ್ರಮ್ಮನಿಗೆ ಈಗ ಎಲ್ಲ ಗೊತ್ತು ಎಂದೆ.

ಅವರು ಕೈಯೊರೆಸಿಕೊಂಡರು. "ನಂಗೆ ಕನ್ನಡ ಓದಾಕೆ ಬರಲ್ಲ ತಾಯಿ. ಕಾರ್ಡು ಬಂದಾಗ ಪಕ್ಕದ ಟೈಲರ್ ಕೈಲಿ ಓದಿಸ್ದೆ. ಅವ್ನು ಗಟ್ಟಿಯಾಗಿ ಓದಿದ. ಆಗ ಅಂಗಡಿ ಮುಂದೆ ಐದಾರು ಜನ ಇದ್ರು" ಎಂದರು. ದೂರುವ ದನಿಯಿರಲಿಲ್ಲ, ನಡೆದದ್ದನ್ನು ಹೇಳಿದರು. ಆಮೇಲೆ ಕೆಲವರು ಜಾಡಿ ಕೊಳ್ಳುವ ಮೊದಲು ಎರಡೆರಡು ಸಲ ತಟ್ಟಿ ನೋಡುತ್ತಾರೆ ಎಂದೂ ಹೇಳಿದರು.

ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಟೈಲರು, ಕುತ್ತಿಗೆಗೆ ಟೇಪು ಹಾಕಿಕೊಂಡವನು, ಬಾಗಿಲಿಗೆ ಬಂದು ನಿಂತ. ಅವನ ಹಿಂದೆ ಇನ್ನಿಬ್ಬರು. "ಏನ್ ಸಾಬ್, ಮಧುಗಿರಿಯೋರಾ? ಮತ್ತೇನಂತೆ?" ಎಂದು ಕೇಳಿದ.

ಸಾಹೇಬರು ನನ್ನನ್ನು ನೋಡಿದರು. ತಾವಾಗಿ ಏನೂ ಹೇಳಲಿಲ್ಲ. ನಾನು ಹೇಳಲೆಂದು ಕಾಯುತ್ತಿದ್ದರೋ, ಹೇಳದಿದ್ದರೂ ಸರಿಯೆಂದು ಬಿಟ್ಟಿದ್ದರೋ ಗೊತ್ತಿಲ್ಲ. ತಪ್ಪು ಇವರದಲ್ಲ ಎಂಬ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು, "ಏನಿಲ್ಲ, ಒಂದು ಸಣ್ಣ ಸೀಸೆ ಬೇಕಿತ್ತು" ಎಂಬ ಮಾತು.

ಸಾಹೇಬರು ಎದ್ದು ಹಲಗೆಯಿಂದ ಒಂದು ಸೀಸೆ ತೆಗೆದರು. ತಟ್ಟಿ, ಬಿಸಿಲಿಗೆ ಹಿಡಿದು ನೋಡಿ, ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಮನೆಗೆ ಬಂದಾಗ ಮೇಷ್ಟ್ರಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. "ಹೇಳಿದೆಯಾ?" ಎಂದು ಕೇಳಿದರು.

"ಹೇಳಿದೆ" ಎಂದೆ. ಅವರು ನನ್ನ ತಲೆ ಮೇಲೆ ಎಡಗೈ ಇಟ್ಟು ಒಳಗೆ ಕರೆದುಕೊಂಡು ಹೋದರು.